ಅವಳು ಅಡುಗೆಮನೆ ಬಿಟ್ಟ ಕ್ರಿಸ್‌ಮಸ್

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆಯಿಂದ ಮೊದಲು ಬಲಗಣ್ಣು ಹೋಯಿತು. ಎಡಗಣ್ಣಿಗೆ ಲೇಸರ್ ಹಾಕಿಸಿದೆವು, ಇಂಜೆಕ್ಷನ್ ಕೊಡಿಸಿದೆವು. ಆದರೂ ಅದು ಮಸುಕಾಗುತ್ತಾ ಬಂದು, ಕೊನೆಗೆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಬೆಳಕಿನಲ್ಲಿ ತಿಳಿಯುವಷ್ಟು ಮಾತ್ರ ಉಳಿಯಿತು. ಆಗ ನಾನು ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದೆ. ನಮಗೆ ಮಕ್ಕಳಿಲ್ಲ. ಬೆಳಿಗ್ಗೆ ನಾನು ಹೊರಟರೆ ಹೊಸಕೋಟೆಯ ಆ ಮನೆಯಲ್ಲಿ ಸಂಜೆಯವರೆಗೆ ಅವಳೊಬ್ಬಳೇ. ಅಡುಗೆಗೆ ಯಾರನ್ನಾದರೂ ಇಟ್ಟುಕೊಳ್ಳೋಣ ಎಂದರೆ ಒಪ್ಪಲಿಲ್ಲ.

"ಸಾಮಾನು ಇಟ್ಟ ಜಾಗದಲ್ಲಿ ಇದ್ರೆ ಸಾಕು ಕಣ್ರೀ, ನಾನು ಮಾಡ್ಕೋತೀನಿ" ಅಂದಳು.

ಹಾಗೇ ಮಾಡಿಕೊಂಡಳು. ಉಪ್ಪಿನ ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಹಾಕಿದಳು, ಸಕ್ಕರೆ ಡಬ್ಬಕ್ಕೆ ಹಾಕಲಿಲ್ಲ. ಮೆಣಸಿನಪುಡಿ, ಹುಳಿಪುಡಿ ಬೇರೆ ಬೇರೆ ಆಕಾರದ ಡಬ್ಬಗಳಿಗೆ ಹೋದವು. ಒಲೆಯ ಎಡಗಡೆ ಯಾವಾಗಲೂ ನೀರಿನ ಬಟ್ಟಲು, ಬಲಗಡೆ ಸೌಟು. ಹೊರಗಿನವರು ನೋಡಿದರೆ ಆ ಅಡುಗೆಮನೆ ಗಲೀಜಾಗಿ ಕಾಣುತ್ತಿತ್ತು. ಸಣ್ಣ ಡಬ್ಬದ ಹಿಂದೆ ದೊಡ್ಡದು, ರಾಗಿಹಿಟ್ಟಿನ ಪಕ್ಕ ಕಾಫಿಪುಡಿ, ಯಾವುದಕ್ಕೂ ಒಂದಕ್ಕೊಂದು ಹೊಂದಿಕೆ ಇರಲಿಲ್ಲ. ಅವಳ ಕೈ ಮಾತ್ರ ಎಲ್ಲೂ ತಡವರಿಸದೆ ಹೋಗಿ ಬೇಕಾದ್ದನ್ನು ತೆಗೆದುಕೊಳ್ಳುತ್ತಿತ್ತು.

ಇಂಥ ಮನೆಗೆ ವರ್ಷದಲ್ಲಿ ಕಷ್ಟದ ಕಾಲ ಅಂದರೆ ಕ್ರಿಸ್‌ಮಸ್. ಉಳಿದ ದಿನ ನಾವಿಬ್ಬರೇ. ಡಿಸೆಂಬರ್ ಬಂತೆಂದರೆ ನೆಂಟರು, ಮಕ್ಕಳು, ಚೀಲಗಳು, ಬಾಡಿಗೆ ಕುರ್ಚಿಗಳು. ಅದಕ್ಕೇ ಅವಳು ನವೆಂಬರ್ ಕೊನೆಯಿಂದಲೇ ಶುರು ಮಾಡುತ್ತಿದ್ದಳು. ಒಂದು ದಿನ ಪಾತ್ರೆ, ಒಂದು ದಿನ ಹಾಸಿಗೆ ಹೊದಿಕೆ, ಇನ್ನೊಂದು ದಿನ ಅಕ್ಕಿ ಬೆಲ್ಲ. ಬಂದವರ ಚಪ್ಪಲಿ ಎಲ್ಲಿ, ಬ್ಯಾಗು ಎಲ್ಲಿ ಅಂತ ಫೋನಿನಲ್ಲೇ ಮೊದಲೇ ಹೇಳಿಬಿಡುತ್ತಿದ್ದಳು. ಬಾಲಯೇಸು ಹುಟ್ಟಿದ ಗೋದಲಿಯನ್ನು ನಾನು ಕಟ್ಟುವುದು ಕಿಟಕಿಯ ಕೆಳಗೇ ಆಗಬೇಕು, ಅವಳು ಓಡಾಡುವ ದಾರಿಗೆ ಹುಲ್ಲುಕಡ್ಡಿಯೂ ಬರಬಾರದು. ಹಬ್ಬದ ದಿನ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವರಿಗೆಲ್ಲ ಅವಳೇ ಕೈಯಾರೆ ಕಜ್ಜಾಯ ಕೊಡುತ್ತಿದ್ದಳು. ಪಕ್ಕದ ಮನೆಯವರು ನಂದಗುಡಿ ಕಡೆಯ ಹಿಂದೂಗಳು, ಧನುರ್ಮಾಸದ ಪೊಂಗಲ್ ಕೊಟ್ಟ ಪಾತ್ರೆಯಲ್ಲೇ ನಮ್ಮ ಕಜ್ಜಾಯ ವಾಪಸು ಹೋಗುತ್ತಿತ್ತು. ಕಣ್ಣು ಕಾಣದವಳು ಮಾಡಿದ್ದು ಎಂದು ಯಾರೂ ಕರುಣೆಯಿಂದ ತಿನ್ನುತ್ತಿರಲಿಲ್ಲ. ಚೆನ್ನಾಗಿದೆ ಎಂದೇ ತಿನ್ನುತ್ತಿದ್ದರು. ಅದು ಅವಳಿಗೆ ಬಹಳ ದೊಡ್ಡದಾಗಿತ್ತು.

ಆ ವರ್ಷ ಅವಳ ತಂಗಿ ಮುಂಚೆಯೇ ಬಂದಳು. ಅವಳನ್ನು ಕೊಟ್ಟಿರುವುದು ತ್ಯಾಮಗೊಂಡ್ಲು ಹತ್ತಿರ. ಒಳ್ಳೆಯ ಹುಡುಗಿ. ಅಕ್ಕನ ಕಣ್ಣು ಹೋದಮೇಲೆ ಅವಳು ಅತ್ತಷ್ಟು ನಾನೂ ಅತ್ತಿಲ್ಲ. ಯಾವಾಗಲೂ ಹಬ್ಬದ ದಿನ ಬಂದು ಸಂಜೆ ಹೊರಡುವವಳು, ಈ ಸಲ ಅಕ್ಕನ ಕೆಲಸಕ್ಕೆ ಕೈಜೋಡಿಸಬೇಕು ಅಂತ ಗಂಡನನ್ನು ಒಪ್ಪಿಸಿ ಬಂದಿದ್ದಳು.

ಮಾರನೆಯ ಬೆಳಿಗ್ಗೆ ನಾನು ಹೆಂಡತಿಯನ್ನು ಕರೆದುಕೊಂಡು ಹಬ್ಬದ ಮುಂಚಿನ ಪಾಪನಿವೇದನೆಗೆ ಚರ್ಚಿಗೆ ಹೋದೆ. ಜನ ಇದ್ದದ್ದರಿಂದ ತಡವಾಯಿತು. ವಾಪಸು ಬಂದರೆ ಮನೆಯ ತುಂಬ ಫಿನಾಯಿಲ್ ವಾಸನೆ. ನಾದಿನಿ ಸೆರಗು ಸಿಕ್ಕಿಸಿಕೊಂಡು ನಗುತ್ತಾ ನಿಂತಿದ್ದಳು. ಅಡುಗೆಮನೆ ಫಳಫಳ ಹೊಳೆಯುತ್ತಿತ್ತು. ಗೂಡುಗಳಿಗೆ ಹೊಸ ಪೇಪರು ಹಾಸಿದ್ದಳು. ಡಬ್ಬಗಳನ್ನೆಲ್ಲ ತೊಳೆದು, ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಜೋಡಿಸಿದ್ದಳು. ಜಿಡ್ಡುಗಟ್ಟಿದ ರಬ್ಬರ್ ಬ್ಯಾಂಡುಗಳನ್ನು ಕಿತ್ತು ಬಿಸಾಕಿ, ಪ್ರತಿ ಡಬ್ಬಕ್ಕೂ ಹೆಸರು ಬರೆದ ಚೀಟಿ ಅಂಟಿಸಿದ್ದಳು.

"ಭಾವಂಗೂ ಅನುಕೂಲ ಆಗತ್ತೆ, ಅಲ್ವಾ?" ಅಂದಳು.

ಹೆಂಡತಿ ಒಳಗೆ ಹೋಗಿ ಗೂಡಿನ ಮೇಲೆ ಕೈಯಾಡಿಸಿದಳು. ಒಂದು ಡಬ್ಬ ಮುಟ್ಟಿದಳು, ಇನ್ನೊಂದು ಮುಟ್ಟಿದಳು, ಮುಚ್ಚಳ ತೆಗೆದು ಮೂಸಿದಳು. ಆಮೇಲೆ ತಂಗಿಯ ಭುಜ ಹುಡುಕಿ ತಟ್ಟಿ, ಬಹಳ ಕಷ್ಟಪಟ್ಟಿದ್ದೀಯ, ಚೆನ್ನಾಗಿದೆ ಅಂದಳು. ನಾನು ಒಬ್ಬನೇ ಸಿಕ್ಕಾಗ, ಹಬ್ಬ ಕಳೆಯಲಿ, ಅವಳು ಹೋದಮೇಲೆ ಮೊದಲಿನ ಹಾಗೆ ಇಟ್ಟುಕೊಂಡರಾಯಿತು, ಈಗ ಏನಾದರೂ ಅಂದರೆ ಅವಳ ಮನಸ್ಸು ನೋಯುತ್ತದೆ ಎಂದಳು. ಅದೇ ಸರಿ ಎಂದು ನನಗೂ ಅನಿಸಿತು.

ಮಧ್ಯಾಹ್ನ ಕಜ್ಜಾಯದ ಪಾಕ ಹಿಡಿಯಲು ಅಕ್ಕತಂಗಿಯರು ಸೇರಿದರು. ಪಾಕದ ಹದ ನೋಡುವ ಕೆಲಸ ಮಾತ್ರ ಯಾವತ್ತೂ ನನ್ನ ಹೆಂಡತಿಯದೇ. ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು, ನೀರೊಳಗೇ ಬೆರಳಿನಲ್ಲಿ ಉರುಳಿಸಿ, ಉಂಡೆ ಕಟ್ಟಿತೋ ಇಲ್ಲವೋ ಹೇಳುತ್ತಿದ್ದಳು. ನಾನು ಹಾಲ್‌ನಲ್ಲಿ ಗೋದಲಿಗೆ ಹುಲ್ಲು ಹೊದಿಸುತ್ತಿದ್ದೆ. ಒಳಗೆ ಇಬ್ಬರೂ ತಮ್ಮ ತಾಯಿಯ ಮಾತು ಆಡಿಕೊಂಡು ನಗುವುದು ಕೇಳುತ್ತಿತ್ತು.

ನಾದಿನಿ ಪಾಕದ ಪಾತ್ರೆ ಇಳಿಸಿ, ಖಾಲಿ ಇದ್ದ ಎಡಗಡೆಗೆ ಇಟ್ಟಳು. ನೀರಿನ ಬಟ್ಟಲನ್ನು ಅವಳು ಬೆಳಿಗ್ಗೆಯೇ ಬಲಗಡೆಗೆ ಸರಿಸಿದ್ದಳು. ಅದಕ್ಕೆ ಒಂದು ಹನಿ ಬಿಟ್ಟು, "ಅಕ್ಕ, ನೋಡು, ಬಂತಾ?" ಅಂದಳು.

ನನ್ನ ಹೆಂಡತಿಯ ಬಲಗೈ ಅಭ್ಯಾಸದಂತೆ ಎಡಗಡೆಗೆ ಹೋಯಿತು. ಬೆರಳುಗಳನ್ನು ಕುದಿಯುವ ಬೆಲ್ಲದೊಳಗೆ ಅದ್ದಿದಳು.

ಅವಳು ಕಿರುಚಿದ ಸದ್ದು ನನಗೆ ನೆನಪಿಲ್ಲ. ಕಿರುಚಿದ್ದು ತಂಗಿ. ನಾನು ಓಡಿಹೋಗಿ ನಲ್ಲಿಯ ಕೆಳಗೆ ಅವಳ ಕೈ ಹಿಡಿದೆ. ಪಾಕ ಅಂಟಿಕೊಂಡಿತ್ತು, ನೀರಿಗೆ ಬಿಡುತ್ತಿರಲಿಲ್ಲ. ಪಕ್ಕದ ಮನೆಯವರು ಕಾರು ತೆಗೆದರು. ಆಸ್ಪತ್ರೆಯಲ್ಲಿ ನಾಲ್ಕು ಬೆರಳಿಗೂ ದಪ್ಪ ಬ್ಯಾಂಡೇಜು ಸುತ್ತಿ, ಸಕ್ಕರೆ ಕಾಯಿಲೆ ಇರುವುದರಿಂದ ಗಾಯ ಮಾಯುವುದು ನಿಧಾನ ಅಂದರು. ದಾರಿಯಲ್ಲಿ ಅವಳು ಕೇಳಿದ್ದು ತಂಗಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಬಂದಿರಾ ಎಂದು.

ಹಬ್ಬದ ದಿನ ಹೊಸ ಸೀರೆ ಉಡಿಸಿ ಅವಳನ್ನು ಹಾಲ್‌ನಲ್ಲಿ ಕುರ್ಚಿಯ ಮೇಲೆ ಕೂರಿಸಿದೆವು. ಬಂದವರಿಗೆ ಬೇಕರಿಯ ಕೇಕು ಕೊಟ್ಟೆವು. ತಂಗಿ ಅನ್ನ ಕಲಸಿ ಅವಳಿಗೆ ತಿನ್ನಿಸಿದಳು. ಕೈಗೆ ಏನಾಯಿತು ಅಂತ ಕೇಳಿದವರಿಗೆಲ್ಲ ನನ್ನಿಂದ ಆಯಿತು, ನನ್ನಿಂದ ಆಯಿತು ಎಂದು ತಾನೇ ಹೇಳಿಕೊಂಡು ಕಣ್ಣೀರು ಹಾಕುತ್ತಿದ್ದಳು. ಕೊನೆಗೆ ಅಕ್ಕ ತಡೆಯಲಾರದೆ, "ಯಾಕೆ ಎಲ್ಲರ ಹತ್ರಾನೂ ಹೇಳ್ತೀಯ? ಬೇಕು ಅಂತ ಮಾಡಿದ್ಯಾ?" ಅಂದಳು. ಅದಾದಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ.

ಗಾಯ ಮಾಯುವ ಹೊತ್ತಿಗೆ ಈಸ್ಟರ್ ಮುಂಚಿನ ತಪಸ್ಸುಕಾಲ ಶುರುವಾಗಿತ್ತು. ಬ್ಯಾಂಡೇಜು ಬಿಚ್ಚಿಸಿಕೊಂಡು ಬಂದ ದಿನ ಅವಳು ಉತ್ಸಾಹದಿಂದ ಅಡುಗೆಮನೆಗೆ ಹೋದಳು. ಅಷ್ಟರಲ್ಲಿ ನಾನು ನನಗೆ ತಿಳಿದಮಟ್ಟಿಗೆ ಡಬ್ಬಗಳನ್ನು ಹಳೆಯ ಜಾಗಕ್ಕೆ ತಂದಿದ್ದೆ, ಹೊಸ ರಬ್ಬರ್ ಬ್ಯಾಂಡೂ ಹಾಕಿದ್ದೆ. ಅವಳು ಒಂದು ಡಬ್ಬ ಎತ್ತಿಕೊಂಡು ತುಂಬ ಹೊತ್ತು ತಿರುಗಿಸಿದಳು.

"ರೀ, ಇದಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದೀರಾ?" ಅಂತ ಕೇಳಿದಳು.

ರಬ್ಬರ್ ಬ್ಯಾಂಡು ಅವಳ ಬೆರಳಿನ ಕೆಳಗೇ ಇತ್ತು. ನಾನು ಹಾಕಿದ್ದೀನಿ ಅಂದೆ. ಅವಳು ಡಬ್ಬ ಕೆಳಗಿಟ್ಟು ಎರಡೂ ಕೈ ಸೀರೆಗೆ ಒರೆಸಿಕೊಂಡಳು, ಒದ್ದೆ ಇರದಿದ್ದರೂ. ಸಕ್ಕರೆಯಿಂದ ನರಗಳು ಮೊದಲೇ ಸೋತಿದ್ದವು, ಸುಟ್ಟ ಚರ್ಮಕ್ಕೆ ಇನ್ನು ಹಿಂದಿನ ಸ್ಪರ್ಶ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಎಡಗೈಯಲ್ಲಿ ಕಲಿ ಅಂತ ನಾನು ಹೇಳಿದೆ. ಸ್ವಲ್ಪ ದಿನ ಪ್ರಯತ್ನಪಟ್ಟಳು. ಒಂದು ಬೆಳಿಗ್ಗೆ ನನ್ನ ಕಾಫಿಗೆ ಸಕ್ಕರೆ ಬದಲು ಉಪ್ಪು ಬಿತ್ತು. ನಾನು ಏನೂ ಅನ್ನದೆ ಕುಡಿದೆ, ಆದರೆ ಅವಳೇ ನನ್ನ ಲೋಟದಿಂದ ಒಂದು ಗುಟುಕು ರುಚಿ ನೋಡಿದಳು. ಅಂದಿನಿಂದ ಅವಳು ಒಲೆಯ ಹತ್ತಿರ ಹೋಗಲಿಲ್ಲ.

ನಾನು ನಿವೃತ್ತನಾಗಿ ಅಡುಗೆ ಕಲಿತೆ. ನಾದಿನಿ ಒಂದು ಭಾನುವಾರ ಬಂದು, ಎಲ್ಲವನ್ನೂ ಮೊದಲಿನ ಹಾಗೆ ಇಟ್ಟುಕೊಡುತ್ತೇನೆ, ಯಾವುದು ಎಲ್ಲಿತ್ತು ಹೇಳಕ್ಕ ಅಂತ ಕೂತಳು. ಅಕ್ಕ ಒಂದೆರಡು ಹೇಳಿ ನಿಲ್ಲಿಸಿಬಿಟ್ಟಳು. ಈಗ ಅಡುಗೆ ಮಾಡುವವರು ಅವರು, ಅವರ ಕೈಗೆ ಸಿಗುವ ಹಾಗೆ ಇಡು ಅಂದಳು.

ಕಳೆದ ಕ್ರಿಸ್‌ಮಸ್‌ಗೂ ಜನ ಬಂದರು. ಅವಳು ಕಡಿಮೆ ಮಾತಾಡಿದಳು, ಬಂದ ಮಕ್ಕಳ ತಲೆ ಸವರಿದಳು. ಮಾರನೆಯ ದಿನ ತಂಗಿ ಹೊರಟು ನಿಂತಾಗ, ಕಜ್ಜಾಯ ಕರಿಯುತ್ತಿದ್ದ ದೊಡ್ಡ ಬಾಣಲೆಯನ್ನು ಅಟ್ಟದ ಮೇಲಿಂದ ಇಳಿಸಿಕೊಡಿ ಅಂತ ಹೆಂಡತಿ ನನಗೆ ಹೇಳಿದಳು. ಅವರಮ್ಮ ಮದುವೆಯಲ್ಲಿ ಕೊಟ್ಟದ್ದು.

"ನೀನು ತಗೊಂಡು ಹೋಗು. ಇಲ್ಲಿದ್ರೆ ತುಕ್ಕು ಹಿಡಿಯತ್ತೆ."

"ಬೇಡ ಅಕ್ಕ."

"ತಗೊಂಡು ಹೋಗು ಅಂದ್ನಲ್ಲ. ಮಾಡಿ ತಂದ್ಕೊಡು, ತಿಂತೀನಿ."

ನಾನು ಅದನ್ನು ಹಳೇ ಬೆಡ್‌ಶೀಟಿನಲ್ಲಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಬಸ್ಸು ತುಂಬಿತ್ತು. ಯಾರೋ ಸರಿದು ಜಾಗ ಕೊಟ್ಟರು. ನಾದಿನಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಹೊರಡುವವರೆಗೂ ನನ್ನ ಕಡೆ ತಿರುಗಲೇ ಇಲ್ಲ.

ಮನೆಗೆ ಬಂದಾಗ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು.

"ಸೀಟು ಸಿಕ್ತಾ ಅವಳಿಗೆ?"

"ಸಿಕ್ತು."

ಅವಳು ಗೋಡೆ ಹಿಡಿದುಕೊಂಡು ಒಳಗೆ ನಡೆದಳು. ನಾನು ಹೋಗಿ ರಾತ್ರಿಯ ಸಾರಿಗೆ ಅವರೆಕಾಯಿ ಬಿಡಿಸಲು ಕುಳಿತೆ.