ಯಮುನಾ ಕಿಟಕಿಯಿಂದ ನೋಡಿದ್ದು

ಪಾಲಿಬೆಟ್ಟದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಕೆಲಸಗಾರರಿಗೆಂದು ಕಟ್ಟಿಸಿದ ಹತ್ತು ಮನೆಗಳ ಸಾಲಿದೆ. ಎಲ್ಲರೂ ಅದನ್ನು ಲೈನು ಎನ್ನುತ್ತಾರೆ. ಯಮುನಾ ಹುಟ್ಟಿದ್ದು ಅದರ ಎರಡನೆಯ ಮನೆಯಲ್ಲಿ. ಮದುವೆಯಾಗಿ ಹೋದದ್ದು ಏಳನೆಯ ಮನೆಗೆ, ಸಿದ್ದನ ಹೆಂಡತಿಯಾಗಿ. ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ವಿಷಯ ಪಾಸಾಗಿ ಇಂಗ್ಲಿಷೊಂದರಲ್ಲಿ ಫೇಲಾಗಿದ್ದಳು. ಮತ್ತೊಮ್ಮೆ ಪರೀಕ್ಷೆಗೆ ಕೂರಬೇಕು ಅನ್ನುವಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು. ಅಮ್ಮನ ಬದಲಿಗೆ ನಾಲ್ಕು ದಿನ ಹಣ್ಣು ಕೊಯ್ಯಲು ಹೋದವಳು ಹದಿನಾಲ್ಕು ವರ್ಷ ಕೊಯ್ದಳು.

ಎಸ್ಟೇಟಿನ ಹಳೇ ಬಂಗಲೆ ರೆಸಾರ್ಟ್ ಆದಾಗ ರೂಮು ಗುಡಿಸುವ ಕೆಲಸಕ್ಕೆ ಅವಳನ್ನು ತೆಗೆದುಕೊಂಡರು. ಬಿಸಿಲಿಲ್ಲ, ಜಿಗಣೆಯಿಲ್ಲ, ಬೆನ್ನ ಮೇಲೆ ಮೂಟೆಯಿಲ್ಲ. ಆದರೆ ಬರುವವರೆಲ್ಲ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಮ್ಯಾನೇಜರ್ ವಿವೇಕ್ ಒಂದು ದಿನ, "ಸ್ವಲ್ಪ ಇಂಗ್ಲಿಷ್ ಕಲಿ ಯಮುನಾ. ರಿಸೆಪ್ಷನ್‌ಗೆ ಹಾಕ್ಬಹುದು ನಿನ್ನ," ಎಂದರು. ಅವರಿಗೆ ಅದು ಮರುದಿನಕ್ಕೇ ಮರೆತಿರಬೇಕು. ಇವಳಿಗೆ ಮರೆಯಲಿಲ್ಲ.

ಪಾಲಿಬೆಟ್ಟ ಪೇಟೆಯಲ್ಲಿ ಗೋಮತಿ ಟೀಚರ್ ಇದ್ದರು. ಮಡಿಕೇರಿಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ವಾರಕ್ಕೊಂದು ಮಧ್ಯಾಹ್ನ ಯಮುನಾ ಅವರ ಜಗಲಿಯಲ್ಲಿ ನೋಟ್‌ಬುಕ್ ಬಿಚ್ಚಿ ಕೂರುತ್ತಿದ್ದಳು. ಒಂಟಿ ಪದಗಳು ಬೇಗ ಬಂದವು. ಅವಳನ್ನು ಗೋಳಾಡಿಸಿದ್ದು ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುವ ಪುಟ್ಟ ಪದಗಳು.

"ಪುಟ್ ಅಂದ್ರೆ ಇಡು. ಆಫ್ ಅಂದ್ರೆ ಬಂದ್. ಮತ್ತೆ ಪುಟ್ ಆಫ್ ಅಂದ್ರೆ ಮುಂದೆ ಹಾಕು ಅಂತ ಹೇಗಾಗ್ತದೆ ಟೀಚರ್?"

"ನಮ್ಮಲ್ಲಿ ಇಲ್ವಾ? ಕೈಗೆ ಕೊಟ್ಟ ಅನ್ನು, ಕೈ ಕೊಟ್ಟ ಅನ್ನು. ಒಂದು 'ಗೆ' ಹೋದ್ರೆ ಮನುಷ್ಯ ಮೋಸಗಾರ ಆಗ್ಬಿಡ್ತಾನೆ. ಅವರದ್ದೂ ಹಾಗೇ."

ಯಮುನಾ ನಕ್ಕಳು. ಆಮೇಲೆ ಆ ಜೋಡಿಗಳನ್ನು ಬಟ್ಟೆ ಮಡಚುವಾಗಲೂ ನೆಲ ಒರೆಸುವಾಗಲೂ ಬಾಯಲ್ಲಿ ಹೇಳಿಕೊಳ್ಳತೊಡಗಿದಳು. ಗೆಟ್ ಅಪ್, ಏಳು. ಗೆಟ್ ಅವೇ, ದೂರ ಹೋಗು. ಲುಕ್ ಇನ್, ಒಳಗೆ ನೋಡು. ಎರಡು ಪದಗಳ ಜೋಡಿಗಳು ಡಿಸೆಂಬರಿಗೆ ಮುಗಿದವು. ಕ್ರಿಯಾಪದದ ಹಿಂದೆ ಎರಡೆರಡು ಪುಟ್ಟ ಪದ ಸೇರುವಂಥವು ಇನ್ನೂ ಕಷ್ಟ ಎಂದು ಟೀಚರ್ ಅವನ್ನು ಮಳೆಗಾಲಕ್ಕೆ ಇಟ್ಟರು. ರೆಸಾರ್ಟಿನಲ್ಲೂ ಆಗ ಉಸಿರಾಡಲು ಪುರುಸೊತ್ತಿರಲಿಲ್ಲ.

ಜನವರಿಯಲ್ಲಿ ಮುಂಬೈಯಿಂದ ಒಬ್ಬ ಹೆಂಗಸು ಎಂಬತ್ತರ ತಾಯಿಯನ್ನು ಕರೆದುಕೊಂಡು ಬಂದು ಕೆರೆಯ ಬದಿಯ ಕಾಟೇಜಿನಲ್ಲಿ ಇಳಿದುಕೊಂಡಳು. ಎರಡನೆಯ ಬೆಳಿಗ್ಗೆ ಆಕೆ ಒಬ್ಬಳೇ ದುಬಾರೆಯ ಆನೆ ಶಿಬಿರ ನೋಡಲು ಹೊರಟಳು. ಕಾರು ಹತ್ತುವ ಮುಂಚೆ ಯಮುನಾಳನ್ನು ಕರೆದು ನಿಧಾನವಾಗಿ, "ಪ್ಲೀಸ್ ಲುಕ್ ಇನ್ ಆನ್ ಮೈ ಮದರ್ ಅಟ್ ಟ್ವೆಲ್ವ್. ಶೀ ಈಸ್ ರೆಸ್ಟಿಂಗ್," ಎಂದಳು.

"ಎಸ್ ಮೇಡಂ," ಎಂದಳು ಯಮುನಾ. ಒಂದೊಂದು ಪದವೂ ಅರ್ಥವಾದ ಖುಷಿ ಅವಳಿಗೆ.

ಹನ್ನೆರಡಕ್ಕೆ ಸರಿಯಾಗಿ ಹೋದಳು. ತೊಂದರೆ ಕೊಡಬೇಡಿ ಎನ್ನುವ ಬೋರ್ಡು ಬಾಗಿಲ ಹಿಡಿಗೆ ನೇತಾಡುತ್ತಿತ್ತು. ಅವಳು ಕಿಟಕಿಗೆ ಹಣೆಯಿಟ್ಟು ಒಳಗೆ ನೋಡಿದಳು. ಅಜ್ಜಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ಹೊದಿಕೆ ಭುಜದವರೆಗಿತ್ತು. ಹೇಳಿದ್ದನ್ನು ಮಾಡಿಯಾಯಿತೆಂದು ಹೊರಟಳು. ಎರಡು ಗಂಟೆಗೆ ಯಾರೂ ಹೇಳದಿದ್ದರೂ ಇನ್ನೊಮ್ಮೆ ಹೋಗಿ ನೋಡಿದಳು. ಅಜ್ಜಿ ಅದೇ ಮಗ್ಗುಲಲ್ಲಿದ್ದರು. ಹೊದಿಕೆಯ ಒಂದು ಮಡಿಕೆಯೂ ಕದಲಿರಲಿಲ್ಲ. ಯಮುನಾ ಬಾಗಿಲ ಹಿಡಿಯವರೆಗೆ ಕೈ ಚಾಚಿದಳು. ಬೋರ್ಡು ನೋಡಿ ಕೈ ಹಿಂದೆ ತೆಗೆದುಕೊಂಡಳು.

ನಾಲ್ಕಕ್ಕೆ ಮಗಳು ಬಂದು ಬಾಗಿಲು ತೆಗೆದಾಗ ಅಜ್ಜಿಯ ಬಾಯಿ ಸೊಟ್ಟಗಾಗಿತ್ತು, ಬಲಗೈ ಬಲಗಾಲು ಬಿದ್ದುಹೋಗಿದ್ದವು. ಕಣ್ಣು ತೆರೆದಿತ್ತು. ಲಕ್ವ ಹೊಡೆದು ಬಹಳ ಹೊತ್ತಾಗಿದೆ ಎಂದರು ಪೇಟೆಯಿಂದ ಬಂದ ಡಾಕ್ಟರು. ಮೈಸೂರಿಗೆ ಸಾಗಿಸಲು ಆಂಬುಲೆನ್ಸಿಗೆ ಫೋನು ಹೋಯಿತು.

ಅದು ಬರುವವರೆಗಿನ ಹೊತ್ತಿನಲ್ಲಿ ವಿವೇಕ್ ಕಾಟೇಜಿನ ಮೆಟ್ಟಿಲ ಬಳಿಯೇ ಯಮುನಾಳನ್ನು ಕೇಳಿದರು. ಆ ಹೆಂಗಸಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಕೇಳಿದರು. ಲುಕ್ ಇನ್ ಆನ್ ಮಾಡಿದೆಯಾ ಎಂದರೆ, ಇವಳು ತಲೆಯೆತ್ತಿ, "ಎಸ್ ಸರ್. ಐ ಲುಕ್ಡ್ ಇನ್. ಟೂ ಟೈಮ್ಸ್," ಎಂದಳು.

ಆ ಹೆಂಗಸು ಅಳು ನಿಲ್ಲಿಸಿ ಇವಳನ್ನೇ ನೋಡಿದಳು. ಹತ್ತಿರ ಹೋಗಿದ್ದರೆ ತಾಯಿಯ ಮುಖ ಕಾಣದೆ ಇರುತ್ತಿತ್ತೇ? "ಶೀ ಈಸ್ ಲೈಯಿಂಗ್. ಶೀ ವಾಂಟ್ಸ್ ಟು ಗೆಟ್ ಅವೇ ವಿತ್ ಇಟ್," ಎಂದಳು.

ಯಮುನಾಗೆ ಕೇಳಿಸಿದ್ದು ಗೆಟ್ ಅವೇ. ವಿತ್ ಇಟ್, ಅದರ ಜೊತೆ. ಕಾಲ ಬಳಿ ನೆಲ ಒರೆಸುವ ಬಕೆಟ್ಟಿತ್ತು. ಬಕೆಟ್ ತೆಗೆದುಕೊಂಡು ಹೋಗು ಅನ್ನುತ್ತಿದ್ದಾರೆ ಎಂದುಕೊಂಡು ಅದನ್ನೆತ್ತಿಕೊಂಡು ಮೆಟ್ಟಿಲಿಳಿದು ನಡೆದಳು. ಹಿಂದಿನಿಂದ ಆ ಹೆಂಗಸು ಚೀರಿದ್ದು ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಸಂಜೆ ವಿವೇಕ್ ಕರೆದು, "ನಾಳೆಯಿಂದ ಬರೋದು ಬೇಡ," ಎಂದರು. ಅಷ್ಟನ್ನು ಮಾತ್ರ ಕನ್ನಡದಲ್ಲಿ ಹೇಳಿದರು.

ಮರುದಿನ ನಡೆದದ್ದನ್ನೆಲ್ಲ ಕೇಳಿದ ಗೋಮತಿ ಟೀಚರ್ ಅವಳನ್ನು ಹತ್ತಿರ ಕೂರಿಸಿಕೊಂಡರು.

"ಇನ್ ಆನ್ ಅಂದ್ರೆ ಒಳಗೆ ಹೋಗಿ, ಹತ್ತಿರ ನಿಂತು, ಹೇಗಿದ್ದೀರಿ ಅಂತ ವಿಚಾರಿಸಿಕೊಂಡು ಬರೋದು ಯಮುನಾ. ಆ 'ಆನ್' ಇದೆಯಲ್ಲ, ಅದು ಆ ಮನುಷ್ಯರ ಸಲುವಾಗಿ. ಗೆಟ್ ಅವೇ ವಿತ್ ಇಟ್ ಅಂದ್ರೆ ತಪ್ಪು ಮಾಡಿಯೂ ಶಿಕ್ಷೆಯಿಲ್ಲದೆ ಪಾರಾಗೋದು. ಎರಡೂ ಮಳೆಗಾಲದ ಪಾಠದಲ್ಲಿ ಇದ್ದವು."

"ನೀವು ಎಂತ ಮಾಡ್ಲಿಕ್ಕಾಗ್ತದೆ ಟೀಚರ್," ಎಂದಳು ಯಮುನಾ.

ಟೀಚರ್ ಆಟೋ ಮಾಡಿಕೊಂಡು ರೆಸಾರ್ಟಿಗೇ ಹೋದರು. ವಿವೇಕ್ ಕುರ್ಚಿ ಹಾಕಿಸಿ, ಕಾಫಿ ತರಿಸಿ, ಎಲ್ಲವನ್ನೂ ಕೇಳಿಸಿಕೊಂಡರು. "ನೀವು ಹೇಳೋದು ನಿಜ ಇರ್ಬಹುದು ಮೇಡಂ. ಆದ್ರೆ ಅವರು ಕಂಪ್ಲೇಂಟ್ ಬರ್ದು ಹೋಗಿದ್ದಾರೆ. ಅದರಲ್ಲಿ ಇವಳು ಸುಳ್ಳು ಹೇಳಿದ್ಳು, ನಮ್ಮೆದುರೇ ಬೆನ್ನು ತಿರುಗಿಸಿ ಹೋದ್ಳು ಅಂತಿದೆ. ನನ್ನ ಕೈಯಲ್ಲಿ ಇಲ್ಲ." ಮುಂಬೈ ವಿಳಾಸಕ್ಕೆ ಟೀಚರ್ ಎರಡು ಪುಟದ ಕಾಗದ ಬರೆದರು. ಉತ್ತರ ಬರಲಿಲ್ಲ. ಅಜ್ಜಿ ಬದುಕಿದರೋ ಇಲ್ಲವೋ ಎನ್ನುವುದೂ ಗೊತ್ತಾಗಲಿಲ್ಲ.

ಸಿದ್ದ ಹೆಂಡತಿಯ ಪರವಾಗಿಯೇ ನಿಂತ. "ಅವರ ಭಾಷೆ ಅವರು ಸರಿಯಾಗಿ ಹೇಳ್ಬೇಕಿತ್ತು. ನಿಂದೆಂತ ತಪ್ಪು?"

"ಎರಡು ಗಂಟೆಗೆ ನಂಗೆ ಗೊತ್ತಾಗಿತ್ತು," ಎಂದಳು ಯಮುನಾ. "ಎಂತದೋ ಸರಿ ಇಲ್ಲ ಅಂತ. ಅದಕ್ಕೆ ಇಂಗ್ಲಿಷ್ ಬೇಕಾಗಿರಲಿಲ್ಲ."

ಅವಳು ಟೀಚರ್ ಹತ್ತಿರ ಈ ಮಾತನ್ನು ಎಂದೂ ಆಡಲಿಲ್ಲ.

ಜಗಲಿಗೆ ಹೋಗುವುದನ್ನು ಬಿಟ್ಟಳು. ಜೂನ್‌ನಲ್ಲಿ ಗೋಮತಿ ಟೀಚರ್ ಕೊಡೆ ಹಿಡಿದು ಕೆಸರು ತುಳಿದು ಲೈನಿನವರೆಗೂ ಬಂದರು. "ಬಾ, ಮುಂದಿನ ಪಾಠ ಶುರು ಮಾಡೋಣ," ಎಂದರು. ಯಮುನಾ ಅವರಿಗೆ ಮಣೆ ಹಾಕಿ ಕೂರಿಸಿ ಬೆಲ್ಲದ ಕಾಫಿ ಕೊಟ್ಟಳು. ಲೋಟ ಖಾಲಿಯಾಗುವವರೆಗೆ ಮಳೆಯ ಬಗ್ಗೆ ಮಾತಾಡಿದಳು. ಆಮೇಲೆ, "ಬೇಡ ಟೀಚರ್. ಆಗುದಿಲ್ಲ," ಎಂದಳು. ಟೀಚರ್ ಒತ್ತಾಯಿಸಲಿಲ್ಲ. ಮತ್ತೆ ಬರಲೂ ಇಲ್ಲ.

ಈಗ ಅವಳು ಮೊದಲಿನಂತೆ ಕಾಫಿ ಕೊಯ್ಯುತ್ತಾಳೆ. ಸೊಂಟ ಮೊದಲಿನಷ್ಟು ಬಗ್ಗುವುದಿಲ್ಲ. ತೋಟದ ಬದಿಯ ರಸ್ತೆಯಲ್ಲಿ ದಾರಿ ತಪ್ಪಿದ ಕಾರುಗಳು ಆಗಾಗ ನಿಲ್ಲುತ್ತವೆ. ಕಿಟಕಿ ಇಳಿಸಿ ಯಾರಾದರೂ ಇಂಗ್ಲಿಷಿನಲ್ಲಿ ದಾರಿ ಕೇಳುತ್ತಾರೆ. ಅವರು ಕೇಳಿದ್ದು ಅವಳಿಗೆ ಅರ್ಥವಾಗುತ್ತದೆ, ಹೇಳಬೇಕಾದ ಪದಗಳೂ ಬಾಯಿಯವರೆಗೆ ಬರುತ್ತವೆ. ಅವಳು ಕೇಳಿಸದವಳಂತೆ ಇನ್ನೊಂದು ಗಿಡಕ್ಕೆ ಸರಿಯುತ್ತಾಳೆ.