ಮೈದಾ ಅಂಟಿನ ಆಲ್ಬಮ್‌ಗಳು

ಮೊದಲು ಬಂದದ್ದು ಕೆಮ್ಮು. ಒಣ ಕೆಮ್ಮು. ಮಧ್ಯಾಹ್ನ ಊಟ ಮುಗಿಸಿ ಆಲ್ಬಮ್ ಹರಡಿಕೊಂಡು ಕೂತರೆ, ಸಂಜೆ ಹೊತ್ತಿಗೆ ಮೈ ಬೆಚ್ಚಗಾಗಿ ಎದೆ ಬಿಗಿಯುತ್ತಿತ್ತು. ಮಧುಗಿರಿಯ ಧೂಳು, ಬಂಡೆಯ ಕಾವು ಎಂದು ಏನೇನೋ ಕಾರಣ ಹೇಳಿಕೊಂಡೆ. ಒಂದು ದಿನ ಬಟ್ಟೆಯ ಬಕೆಟ್ ಹಿಡಿದು ಮಹಡಿ ಹತ್ತುತ್ತಿದ್ದವಳು ನಡುವಿನ ಮೆಟ್ಟಿಲಲ್ಲೇ ಕುಳಿತುಬಿಟ್ಟೆ. ಮೇಲೆ ಹೋಗಲೂ ಆಗಲಿಲ್ಲ, ಕೆಳಗೆ ಇಳಿಯಲೂ ಆಗಲಿಲ್ಲ.

ಕೂಗಿ ಕರೆಯಲು ಉಸಿರೇ ಇರಲಿಲ್ಲ.

ಅಸ್ತಮಾ ಎಂದರು, ಇನ್ಹೇಲರ್ ಕೊಟ್ಟರು. ಟಿಬಿ ಇರಬಹುದೆಂದು ಕಫ ಪರೀಕ್ಷೆ ಮಾಡಿಸಿದರು. ಕೊನೆಗೆ ತುಮಕೂರಿನಲ್ಲಿ ಸಿ.ಟಿ. ಸ್ಕ್ಯಾನ್ ನೋಡಿದ ಡಾಕ್ಟರು ಕೆಮ್ಮಿನ ಮಾತು ಬಿಟ್ಟು ಮನೆಯ ಬಗ್ಗೆ ಕೇಳತೊಡಗಿದರು. ಪಾರಿವಾಳ ಸಾಕಿದ್ದೀರಾ? ಗೋಡೆ ತೇವ ಇದೆಯಾ? ಬಿಡುವಿದ್ದಾಗ ಏನು ಮಾಡ್ತೀರಿ?

ಆಲ್ಬಮ್ ಮಾಡ್ತೀನಿ ಎಂದೆ.

ಮದುವೆಯಾದ ಹೊಸದರಲ್ಲಿ ಶುರುವಾದ ಹುಚ್ಚು. ದೊಡ್ಡ ಡ್ರಾಯಿಂಗ್ ಪುಸ್ತಕಗಳಲ್ಲಿ ಮನೆಯವರ ಫೋಟೊ, ಲಗ್ನಪತ್ರಿಕೆಯ ಮೂಲೆ, ಮಗಳ ಮೊದಲ ಲಂಗದ ಅಂಚು, ಎಲ್ಲವನ್ನೂ ಕತ್ತರಿಸಿ ಅಂಟಿಸುವುದು. ಅಂಟನ್ನು ಮೈದಾ ಕುದಿಸಿ ನಾನೇ ಮಾಡಿಕೊಳ್ಳುತ್ತಿದ್ದೆ. ಪುಸ್ತಕಗಳನ್ನು ಇಡುತ್ತಿದ್ದ ಗೂಡು ಬಚ್ಚಲುಮನೆಯ ಗೋಡೆಗೆ ತಾಗಿತ್ತು. ಹಾಳೆಗಳಲ್ಲಿ ಕಪ್ಪು ಚುಕ್ಕೆ ಕಂಡರೆ ಬಟ್ಟೆಯಲ್ಲಿ ಒರೆಸಿ ಮುಂದಿನ ಪುಟ ತಿರುವುತ್ತಿದ್ದೆ.

"ಆ ಬೂಷ್ಟಿನ ಪುಡಿ ನಿಮ್ಮ ಲಂಗ್ಸ್‌ಗೆ ಆಗ್ತಿಲ್ಲ ಅನ್ಸುತ್ತಮ್ಮ. ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಅಂತೀವಿ ಇದಕ್ಕೆ. ಒಳಗೆ ಗಾಯದ ಕಲೆ ಆಗ್ಲೇ ಶುರುವಾಗಿದೆ. ಸ್ಟೀರಾಯ್ಡ್ ಕೊಡ್ತೀನಿ. ಆದ್ರೆ ಆ ಪುಸ್ತಕಗಳು ಮನೇಲಿರಬಾರದು."

ನನ್ನ ಕೈಯಾರೆ ಕುದಿಸಿದ ಅಂಟು.

ಗಂಡ ಶಿವಣ್ಣ ಖಾಸಗಿ ಬಸ್ಸಿನ ಕಂಡಕ್ಟರ್. ಅವರು ರಜೆ ಹಾಕಿದರು. ಪಾವಗಡದಲ್ಲಿ ಟೀಚರಾಗಿರುವ ಮಗಳು ಕಾವ್ಯ ಶನಿವಾರ ಬಂದು, ಪ್ರತಿ ಪುಟವನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೆಳಗೆ ಹೆಸರು ಬರೆಯುವುದನ್ನು ಅಪ್ಪನಿಗೆ ಕಲಿಸಿದಳು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಇಬ್ಬರೂ ಆಲ್ಬಮ್‌ಗಳನ್ನು ಹಿತ್ತಲಿಗೆ ಒಯ್ದರು. ನಾನು ಕೋಣೆಯೊಳಗೆ, ಬಾಡಿಗೆಗೆ ತಂದ ಆಕ್ಸಿಜನ್ ಮಷೀನಿನ ಪಕ್ಕ. ಮುಚ್ಚಿದ ಕಿಟಕಿಯ ಗಾಜಿನಾಚೆ ಅವರ ಕೈಗಳು ಕಾಣುತ್ತಿದ್ದವು. ಅವರು ಪುಟ ತಿರುವುತ್ತಿದ್ದ ರೀತಿ ನೋಡಿದರೆ ಎದ್ದು ಓಡಬೇಕೆನಿಸುತ್ತಿತ್ತು. ಎದ್ದು ಬಾತ್‌ರೂಮಿಗೆ ಹೋಗಲೂ ಯಾರಾದರೂ ಹಿಡಿದುಕೊಳ್ಳಬೇಕಿತ್ತು.

ಗಂಡ ಹಿತ್ತಲಿಂದಲೇ ಫೋನ್ ಮಾಡುತ್ತಿದ್ದರು.

"ಲೇ ಸರೋಜ, ಈ ಮುದುಕಮ್ಮ ಯಾರೇ? ಏನಂತ ಬರೀಲಿ?"

"ನಮ್ ಸೋದರತ್ತೆ ಕಣ್ರೀ... ಹೊಳವನಹಳ್ಳಿ..." ಎನ್ನುವಷ್ಟರಲ್ಲಿ ಕೆಮ್ಮು.

"ಸಾಕ್ ಬುಡು, ಸಾಕ್ ಬುಡು. ಅಂಗೇ ಹಾಕ್ತೀನಿ."

ಹೀಗೆ ಎಷ್ಟೋ ಮುಖಗಳು ಹೆಸರಿಲ್ಲದೆ ಫೋನಿನೊಳಗೆ ಹೋದವು. ಆ ಅತ್ತೆ ಸೀರೆಯ ಸೆರಗಿನಲ್ಲಿ ಹುಣಸೆಹಣ್ಣು ಕಟ್ಟಿಕೊಂಡು ಬರುತ್ತಿದ್ದದ್ದು, ಅದನ್ನು ಕೊಡುವಾಗ ಸೊಸೆಯಂದಿರ ಮೇಲೆ ಹೇಳುತ್ತಿದ್ದ ಚಾಡಿ, ಇವೆಲ್ಲ ಪುಟ ತಿರುವುವಾಗ ತಾನಾಗಿಯೇ ನನ್ನ ಬಾಯಿಗೆ ಬರುತ್ತಿದ್ದ ಮಾತುಗಳು. ಈಗ ಮಾತು ಗಂಟಲಲ್ಲೇ ಇತ್ತು, ಅದನ್ನು ಹೊರಗೆ ತರುವ ಗಾಳಿ ನನ್ನಲ್ಲಿರಲಿಲ್ಲ.

ಎರಡು ಪುಟಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ಅವು ಯಾವುವೆಂದು ನನಗೆ ಗೊತ್ತಿತ್ತು. ಕಿಟಕಿ ಬಡಿದೆ. ಗಂಡನಿಗೆ ಕೇಳಲಿಲ್ಲ. ಅವರು ಮೆಲ್ಲಗೇ ಬಿಡಿಸಿದರು, ಪಾಪ.

ಚೇತನನ ಮುಖ ಹರಿಯಿತು.

ಕಾವ್ಯಳ ತಮ್ಮ ಅವನು. ಸ್ಕೂಲಿಗೆ ಸೇರುವ ಮೊದಲೇ ಮೆದುಳುಜ್ವರದಲ್ಲಿ ಹೋದ. ಅವನು ನಗುವ ಫೋಟೊ ಇದ್ದದ್ದು ಅದೊಂದೇ. ಅರ್ಧ ಮುಖ ಈ ಪುಟದಲ್ಲಿ, ಅರ್ಧ ಎದುರಿನ ಪುಟದಲ್ಲಿ. ಅವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕುಕ್ಕರಿಸಿದರು. ನಾನು ಗಾಜಿನ ಈಚೆ. ಅವರ ಬೆನ್ನು ಅಲುಗುತ್ತಿತ್ತು.

ಕಾವ್ಯ ಎರಡೂ ತುಂಡುಗಳನ್ನು ಸ್ಕ್ಯಾನ್ ಮಾಡಿ, ಯಾವುದೋ ಆ್ಯಪಿಗೆ ಹಾಕಿ ಸರಿಮಾಡಿಸಿ ತಂದು ತೋರಿಸಿದಳು. ನುಣುಪಾದ ಕೆನ್ನೆ. ಸಾಲಾಗಿ ಹಲ್ಲು. ಚಂದದ ಮಗು.

"ಇವ್ನು ನಮ್ ಚೇತನ ಅಲ್ಲ ಕಣೇ," ಎಂದೆ. ಅವನ ಮುಂದಿನ ಹಲ್ಲು ಬಾಗಿಲ ಹೊಸ್ತಿಲಿಗೆ ಬಡಿದು ಮುರಿದಿತ್ತು.

ಅವಳು ಅದನ್ನು ಅಳಿಸಿದಳು. ಎರಡು ತುಂಡುಗಳನ್ನೇ ಜೋಡಿಸಿಟ್ಟಳು. ಮಧ್ಯೆ ಬಿಳಿ ಗೆರೆ ಉಳಿಯಿತು. ಆಮೇಲೆ ಒಂದು ಉಪಾಯ ಹೇಳಿದಳು: "ಬರಿಯೋದ್ ಬ್ಯಾಡಮ್ಮ. ಒಂದೊಂದು ಫೋಟೊಗೆ ನಿನ್ ದನಿ ಸೇರಿಸ್ತೀನಿ. ಉಸಿರು ಬಂದಾಗ ಹೇಳು, ಆಗ್ದಿದ್ರೆ ಬುಡು."

ಹಾಗೆ ಶುರುವಾಯಿತು. ಒಂದು ಫೋಟೊಗೆ ಒಂದು ವಾಕ್ಯ. ಕೆಲವು ದಿನ ಅದೂ ಇಲ್ಲ. ಚೇತನನ ಫೋಟೊಗೆ ಅವನ ಹೆಸರನ್ನಷ್ಟೇ ಹೇಳಲು ಆಯಿತು.

ಪುಸ್ತಕಗಳನ್ನು ಸುಟ್ಟುಬಿಡಲಾ ಎಂದು ಅವರು ಕೇಳಿದಾಗ ನಾನು ತಲೆಯಾಡಿಸಿದೆ, ಅಷ್ಟೇ. ಊರಾಚೆ ಒಯ್ದು ಸುಟ್ಟು ಬಂದು, ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರು.

ಫೋನಿನ ಆಲ್ಬಮ್ ನನಗಿನ್ನೂ ಒಗ್ಗಿಲ್ಲ. ಮಗುವಿನ ಕೆನ್ನೆ ಸವರಲು ಹೋದರೆ ಫೋಟೊ ಜಾರಿ, ಯಾರದೋ ಗೃಹಪ್ರವೇಶ ಬರುತ್ತದೆ.

ಈಗ ಆಕ್ಸಿಜನ್ ಸದಾ ಬೇಕಿಲ್ಲ. ಮೊನ್ನೆ ಹೊಸ ಸ್ಕ್ಯಾನ್ ನೋಡಿದ ಡಾಕ್ಟರು, "ಹೆಚ್ಚಾಗಿಲ್ಲ," ಎಂದರು. ಕಡಿಮೆಯಾಗಿದೆ ಎನ್ನಲಿಲ್ಲ. ಆಗಿರುವ ಕಲೆ ಹೋಗುವುದಿಲ್ಲವಂತೆ. ಹೆಚ್ಚಾಗಿಲ್ಲ ಎಂಬ ಮಾತಿಗೇ ಇವರು ಕೈಮುಗಿದರು.

ಬರುವಾಗ ಬಸ್ಸು ಕೊರಟಗೆರೆಯಲ್ಲಿ ನಿಂತಿತು. ಇವರು ಸೀಬೆಹಣ್ಣು ತಂದು ಕೊಟ್ಟು, ನಾನು ಕಚ್ಚುವಾಗ ಫೋಟೊ ಹೊಡೆದುಬಿಟ್ಟರು. ಸ್ಟೀರಾಯ್ಡ್‌ಗೆ ಊದಿದ ಮುಖ, ಉದುರಿದ ಕೂದಲು. ನಾನು ಮೊದಲಿನವಳಾಗಿದ್ದರೆ ಇಂಥದ್ದನ್ನು ಯಾವ ಪುಟಕ್ಕೂ ಅಂಟಿಸುತ್ತಿರಲಿಲ್ಲ.

"ಚೆನ್ನಾಗ್ ಬಂದಿಲ್ಲ ಕಣೇ. ಅಳಿಸ್ಬುಡ್ಲಾ?"

ಫೋನ್ ಇಸಕೊಂಡು ನೋಡಿದೆ. ಬಾಯಿ ತುಂಬ ಹಣ್ಣು.

"ಇರ್ಲಿ ಬುಡಿ," ಎಂದೆ.