ಮೋತಿ ಕೇಳಿದ ಹಾಡು

ನಾಸಿಕದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ವಿಮಾನ ಕಾರ್ಖಾನೆಯಲ್ಲಿ ಫಿಟರ್. ಯಾವ ಕೆಲಸಕ್ಕೂ ಮೊದಲು "ಗಡಬಡ ಬ್ಯಾಡ" ಎನ್ನುವರು. ನಮ್ಮ ಚಾಳಿನ ಸಾಲುಮನೆಗಳವರ ಫೋಟೋ ತೆಗೆಯುವವರೂ ಅವರೇ.

ಒಮ್ಮೆ ಅವರಿಗೆ ತಮ್ಮ ನಾಯಿ ಮೋತಿ ಅಜ್ಜನ ಕಾಲದ ಗ್ರಾಮಫೋನಿನ ಮುಂದೆ ಕೂತು ಹಾಡು ಕೇಳುವಂತೆ ಫೋಟೋ ತೆಗೆಯುವ ಹುಕಿ ಬಂತು. ರೋಲಿನಲ್ಲಿ ಉಳಿದದ್ದು ಒಂದೇ ಫೋಟೋ. ಹಾಡು ಹಚ್ಚಿದೊಡನೆ ಮೋತಿ ಮಂಚದ ಕೆಳಗೆ ಓಡುತ್ತಿತ್ತು.

ಮೂರನೇ ಸಲ ಓಡಿದಾಗ ಕಾಕಾ ಸ್ಕ್ರೂಡ್ರೈವರ್ ತಂದು ಗ್ರಾಮಫೋನಿನ ಕಹಳೆಯ ಸಣ್ಣ ತುದಿಯನ್ನು ಸಡಿಲಿಸಿ ಬಿಡಿಸಿದರು. ಕ್ಯಾಮೆರಾ ನನ್ನ ಕೈಗೆ ಕೊಟ್ಟು, "ಗಡಬಡ ಬ್ಯಾಡವ್ವಾ, ನಾ ಕರದಾಗ ಒತ್ತು" ಎಂದು ಗ್ರಾಮಫೋನಿನ ಹಿಂದೆ ಕುಕ್ಕರುಗಾಲಲ್ಲಿ ಕೂತರು. ಆ ತುದಿಗೆ ಬಾಯಿಟ್ಟು, "ಮೋತ್ಯಾ, ಬಾರೋ ನಮ್ಮಪ್ಪಾ" ಎಂದು ಕೂಗಿದರು. ಮೋತಿ ಬಂದು ಕೂತು, ಕತ್ತು ಓರೆ ಮಾಡಿ ಕೇಳತೊಡಗಿತು. ನಾನು ಒತ್ತಿದೆ.

ಎಲ್ಲರ ಫೋಟೋ ತೆಗೆದ ಕಾಕಾ ಇರುವ ಫೋಟೋ ನನ್ನ ಬಳಿ ಅದೊಂದೇ: ಕಹಳೆಯ ಆಚೆಗೊಂದು, ಈಚೆಗೊಂದು ಮೊಣಕಾಲು.